ಮಾಸ್ಟರು ಹೊಲಿದ ಹಾಯಿ

ಆಷಾಢದಲ್ಲಿ ಮನೆಗೆ ಬಣ್ಣ ಹೊಡೆಸುತ್ತಾರೇನೇ ಎಂದು ಅಮ್ಮ ಇದ್ದಿದ್ದರೆ ಗದರುತ್ತಿದ್ದಳು. ಅಮ್ಮ ಇಲ್ಲ. ಆಷಾಢವಾದ್ದರಿಂದ ಪೇಂಟರ್ ಕೇಳಿದ ದಿನವೇ ಬಂದ. ಅಟ್ಟ ಹತ್ತಿ ಹಿತ್ತಾಳೆ ಕೊಳಗ, ಕಾಲು ಮುರಿದ ತೊಟ್ಟಿಲು, ಯಾವಯಾವುದೋ ವರ್ಷದ ಪಂಚಾಂಗದ ಕಟ್ಟು ಎಲ್ಲವನ್ನೂ ಇಳಿಸಿ, ಕೊನೆಗೆ ಉದ್ದನೆಯ ನೀಲಿ ಚೀಲವೊಂದನ್ನು ಎಳೆದು ಧೊಪ್ಪನೆ ಕೆಳಗೆ ಬಿಟ್ಟ. ಚೀಲದ ಬಾಯಿಗೆ ಕಟ್ಟಿದ್ದ ದಾರ ಹಳತಾಗಿ ಸಡಿಲಗೊಂಡಿತ್ತು. ಅದರೊಳಗಿಂದ ವಾಸನೆಯೊಂದು ಹೊರಟಿತು. ಜೇನುಮೇಣ, ಉಪ್ಪು, ಒಂದಿಷ್ಟು ಮುಗ್ಗಲು...

"ಮೇಡಂ, ಇದು ಬಿಸಾಕೋದಾ, ಇಟ್ಕೊಳ್ಳೋದಾ?" ಎಂದು ಪೇಂಟರ್ ಏಣಿಯ ಮೇಲಿಂದಲೇ ಕೇಳಿದ.

ನಾನು ಬಗ್ಗಿ ಸಡಿಲವಾದ ದಾರವನ್ನು ಬಿಗಿಯತೊಡಗಿದೆ. ಆ ಚೀಲ ಅಲ್ಲಿದೆ ಎಂದು ಗೊತ್ತಿದ್ದವಳು ನಾನೊಬ್ಬಳೇ. ಹತ್ತು ವರ್ಷಕ್ಕೂ ಹಿಂದೆ ಅದನ್ನು ಕಳ್ಳಿಯ ಹಾಗೆ ಮೇಲೆ ಸಾಗಿಸಿ ಅಟ್ಟದ ಮೂಲೆಗೆ ತಳ್ಳಿದವಳೂ ನಾನೇ. ಯಾರಿಂದ ಬಚ್ಚಿಟ್ಟಿದ್ದೆನೋ ಅವರು ಆಗ ನಮ್ಮ ಮನೆಯ ಕೆಳಗೇ ಕೂತು ಹೊಲಿಗೆ ಮಿಷನ್ ತುಳಿಯುತ್ತಿದ್ದರು.

ನಮ್ಮದು ಹನುಮಂತನಗರದಲ್ಲಿ, ಗುಡ್ಡದ ಕಡೆ ಏರುವ ರಸ್ತೆಯಲ್ಲಿರುವ ಹಳೆಯ ಮನೆ. ಮೇಲೆ ನಾನು, ಅಮ್ಮ. ಕೆಳಗೆ ರಸ್ತೆಗೆ ಮುಖ ಮಾಡಿದ ಒಂದು ಅಂಗಡಿ ಕೋಣೆ. ಅಪ್ಪನ ಕಾಲದಿಂದಲೂ ಆ ಕೋಣೆ ಅವರದು. ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಇಡೀ ಬಡಾವಣೆ ಅವರನ್ನು ಮಾಸ್ಟರ್ ಎಂದು ಕರೆಯುತ್ತಿತ್ತು. ಶಾಮಿಯಾನ, ಟಾರ್ಪಾಲು, ಅಂಗಡಿಗಳ ಮುಂದೆ ಇಳಿಬಿಡುವ ಬಿಸಿಲಿನ ಪರದೆ, ಸ್ಕೂಟರ್ ಕವರು, ಹೀಗೆ ದಪ್ಪ ಬಟ್ಟೆ ಏನಿದ್ದರೂ ಅವರ ಕೈಗೇ ಹೋಗಬೇಕು. ಗೊತ್ತಿಲ್ಲದೆ ಬ್ಲೌಸ್ ಪೀಸ್ ಹಿಡಿದು ಬಂದ ಹೆಂಗಸರಿಗೆ, "ನನ್ ಹತ್ರ ಇರೋದು ದಬ್ಬಳ ತಾಯಿ, ನಿಮ್ ಬಟ್ಟೆ ತಡ್ಕೊಳಲ್ಲ" ಎಂದು ಕೈಮುಗಿದು ಕಳಿಸುತ್ತಿದ್ದರು.

ಮಿಷನ್ನಿನ ಹಿಂದಿನ ಗೋಡೆಯಲ್ಲಿ ಒಂದು ಮೊಳೆಯಿತ್ತು. ಅದರ ಮೇಲೆ ಒಂದು ಕ್ಯಾಲೆಂಡರನ್ನೂ ಅವರು ನೇತುಹಾಕಿದ್ದಿಲ್ಲ. ಚಿಕ್ಕವಳಿದ್ದಾಗ ಯಾಕೆಂದು ಕೇಳಿದ್ದೆ. ಅವರು ಕೆಲಸ ಕಲಿತ ಅಂಗಡಿಯಲ್ಲಿ, ಹೊಲಿಗೆ ಸರಿಯಿಲ್ಲವೆಂದು ಗಿರಾಕಿ ವಾಪಸ್ ತಂದ ಬಟ್ಟೆಯನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರಂತೆ. ಹೊಲಿದವನು ಅದನ್ನು ನೋಡುತ್ತಲೇ ದಿನವೆಲ್ಲ ಕೆಲಸ ಮಾಡಬೇಕು. ಸ್ವಂತ ಅಂಗಡಿ ಇಟ್ಟ ದಿನ ಇವರೂ ಒಂದು ಮೊಳೆ ಹೊಡೆದರು. "ಇವತ್ತಿನವರೆಗೂ ಖಾಲಿ ಮೇಡಂ. ನಾನ್ ಹೊಲ್ದಿದ್ದು ಯಾವ್ದೂ ಈ ಅಂಗಡಿಗೆ ವಾಪಸ್ ಬಂದಿಲ್ಲ," ಎನ್ನುವಾಗ ಅವರ ಕತ್ತು ಒಂದಂಗುಲ ಉದ್ದವಾಗುತ್ತಿತ್ತು. ಬೇರೆ ಯಾವ ವಿಷಯಕ್ಕೂ ಜಂಭಪಡದ ಮನುಷ್ಯ. ಆ ಮೊಳೆಯ ವಿಷಯಕ್ಕೆ ಮಾತ್ರ ಯಾರ ತಮಾಷೆಯನ್ನೂ ಸಹಿಸುತ್ತಿರಲಿಲ್ಲ.

ಇನ್ನೊಂದು ಅಭ್ಯಾಸವಿತ್ತು. ಅವರು ಹೊಲಿದ ಎಲ್ಲದರಲ್ಲೂ ಗಾಳಿಕಿಂಡಿ ಇರುತ್ತಿತ್ತು. ಶಾಮಿಯಾನದ ಜೋಡಣೆಯಲ್ಲಿ ನಾಲ್ಕು ಬೆರಳು ತೂರುವಷ್ಟು ಸೀಳು ಬಿಟ್ಟು, ಮಳೆ ಇಳಿಯದಂತೆ ಅದರ ಮೇಲೊಂದು ಬಟ್ಟೆಯ ನಾಲಿಗೆ ಮುಚ್ಚಿರುತ್ತಿದ್ದರು. ಗಾಳಿ ಜೋರಾದರೆ ನಾಲಿಗೆ ಎದ್ದು ದಾರಿ ಬಿಡುತ್ತದೆ, ಇಲ್ಲದಿದ್ದರೆ ಸುಮ್ಮನೆ ಮಲಗಿರುತ್ತದೆ. ಗಾಳಿ ಬಂದಾಗ ತೂರಿಕೋ ಎಂದು ಲೋಕವೆಲ್ಲ ಹೇಳಿದರೆ, ನಮ್ಮ ಮಾಸ್ಟರು ಗಾಳಿ ಬಂದಾಗ ಬಿಟ್ಟುಬಿಡು ಎನ್ನುವ ಪೈಕಿ. ಅದಕ್ಕೆ ಕಾರಣವಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ನೆಲದ ಮೇಲಲ್ಲ.

ನನ್ನ ಅಣ್ಣ ಹಡಗಿನಲ್ಲಿ ಇಂಜಿನಿಯರ್ ಆಗಿದ್ದವನು. ಕೆಲಸ ಬಿಟ್ಟ ಮೇಲೆ ಬೆಂಗಳೂರಿಗೆ ಬಂದು ತಣ್ಣಗೆ ಇರುವುದು ಬಿಟ್ಟು, ಮಲ್ಪೆಯ ಹತ್ತಿರ ಮನೆ ಮಾಡಿ, ಯಾರೋ ಮಾರಿ ಹೋಗುತ್ತಿದ್ದ ಪುಟ್ಟ ಯಾಟ್ ಒಂದನ್ನು ಕೊಂಡ. ಯಾಟ್ ಎಂದರೆ ಶ್ರೀಮಂತರ ಬಿಳಿ ಹಡಗು ಎಂದುಕೊಳ್ಳಬೇಡಿ. ನಾಲ್ಕು ಜನ ಮಂಡಿ ತಾಗಿಸಿ ಕೂರಬಹುದಾದ ಹಾಯಿದೋಣಿ. ಒಂದು ಕಂಬ, ಅದಕ್ಕೊಂದು ದೊಡ್ಡ ಹಾಯಿ, ಮುಂದೆ ಟವೆಲ್ಲಿನ ಹಾಗೆ ಇನ್ನೊಂದು ಸಣ್ಣದು, ಹಿಂದೆ ಬಂದರಿನೊಳಗೆ ಮಾತ್ರ ಉಪಯೋಗಿಸುವ ಗುಬ್ಬಿಯಂಥ ಇಂಜಿನ್ನು. ಒಂದು ಬೇಸಿಗೆಯಲ್ಲಿ ಅದರ ದೊಡ್ಡ ಹಾಯಿ ಹರಿದುಹೋಯಿತು. ಹೊಸದಕ್ಕೆ ತಿಂಗಳುಗಟ್ಟಲೆ ಕಾಯಬೇಕೆಂದು ಅಣ್ಣ ಫೋನಿನಲ್ಲಿ ಗೋಳಾಡಿದ. ನನ್ನ ಬಾಯಿ ಸುಮ್ಮನಿರಬೇಕಲ್ಲ? "ನಮ್ಮ ಮಾಸ್ಟರ್ ಇದಾರಲ್ಲೋ!" ಎಂದುಬಿಟ್ಟೆ.

ಹರಿದ ಹಾಯಿ, ಹೊಸ ಬಟ್ಟೆಯ ಸುರುಳಿ ಎರಡೂ ಬಸ್ಸಿನ ಪಾರ್ಸಲ್ಲಿನಲ್ಲಿ ಬಂದವು. ಅದೂ ಆಷಾಢ. ಮದುವೆಯಿಲ್ಲ, ಮುಂಜಿಯಿಲ್ಲ, ಶಾಮಿಯಾನ ಕೇಳುವವರಿಲ್ಲ, ಮಾಸ್ಟರು ಬಿಡುವಾಗಿದ್ದರು. ಹಾಯಿಯನ್ನು ಹಾಸಿ ಅಳೆಯಲು ಅಂಗಡಿಯೂ ಸಾಲದು, ನಮ್ಮ ತಾರಸಿಯೂ ಸಾಲದು. ಆಗ ಅವರಿಗೆ ಹೊಳೆದದ್ದು ಹತ್ತಿರದ ಛತ್ರ. ಆಷಾಢದಲ್ಲಿ ಛತ್ರದಲ್ಲಿ ಯಾರಿರುತ್ತಾರೆ? ವಾಚ್‌ಮನ್‌ಗೆ ಹೇಳಿ, ಊಟದ ಹಾಲಿನ ನೆಲ ಒರೆಸಿ, ಹಾಯಿ ಬಿಚ್ಚಿ ಹಾಸಿದರು. ನಾನು ಸಂಜೆ ಆಫೀಸಿನಿಂದ ಬರುತ್ತಾ ನೋಡಲು ಹೋದರೆ, ಮಾಸ್ಟರು ಬರಿಗಾಲಿನಲ್ಲಿ ಅದರ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು.

"ಎಷ್ಟ್ ಎಳೆದ್ರೂ ನೆಲಕ್ಕೆ ಸಮ ಆಗ್ತಿಲ್ಲ ನೋಡಿ ಮೇಡಂ. ಇದಕ್ಕೆ ಹೊಟ್ಟೆ ಇದೆ. ಹೊಟ್ಟೆ ಇಟ್ಟೇ ಹೊಲ್ದಿದಾನೆ ಪುಣ್ಯಾತ್ಮ."

ಯಾರೂ ಹೇಳಿಕೊಡದೆ ಹಾಯಿಯ ಗುಟ್ಟು ಅವರ ಕಣ್ಣಿಗೆ ಬಿದ್ದಿತ್ತು. ಪಟ್ಟಿ ಪಟ್ಟಿಯಾಗಿ ಬಿಡಿಸಿ, ಪ್ರತಿ ಅಂಚಿನ ಬಾಗನ್ನೂ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದುಕೊಂಡು, ಇಪ್ಪತ್ತು ದಿನ ಹೊಲಿದರು. ದಾರವನ್ನು ಎಳೆ ಎಳೆಯಾಗಿ ಜೇನುಮೇಣದ ಉಂಡೆಗೆ ಉಜ್ಜಿ, ಮೂಲೆಗಳನ್ನು ಕೈಯಲ್ಲೇ ಹೊಲಿದರು. ಅಂಗಡಿ, ಮೆಟ್ಟಿಲು, ಕೊನೆಗೆ ನಮ್ಮ ಅಡಿಗೆಮನೆಯವರೆಗೂ ಆ ಮೇಣದ ವಾಸನೆ. ಕೆಲಸ ಮುಗಿದ ದಿನ ಮೆಟ್ಟಿಲು ಹತ್ತಿ ಬಂದು, ಅಮ್ಮ ಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಡುತ್ತಾ ಹೇಳಿದರು.

"ಒಂದೇ ಒಂದು ಆಸೆ ಮೇಡಂ. ಅದು ಗಾಳೀಲಿ ನಿಂತಿದ್ದನ್ನ ಒಂದ್ಸಲ ಕಣ್ಣಲ್ಲಿ ನೋಡ್ಬೇಕು. ನನ್ ಶಾಮಿಯಾನಗಳೆಲ್ಲ ಗಾಳಿಗೆ ಹೆದ್ರಿಕೊಂಡೇ ನಿಲ್ಲೋವು."

ಅರವತ್ತು ದಾಟಿದ ಆ ಮನುಷ್ಯ ಸಮುದ್ರವನ್ನೇ ನೋಡಿರಲಿಲ್ಲ. ಮದರಾಸಿಗೆ ಒಮ್ಮೆ ಹೋಗಿದ್ದರಂತೆ. ಬಟ್ಟೆ ತರಲು ಹೋದವರಿಗೆ ಸಮುದ್ರದ ಕಡೆ ಹೋಗಲು ಪುರುಸೊತ್ತಾಗಲಿಲ್ಲವಂತೆ.

ಧನುರ್ಮಾಸದಲ್ಲಿ ಹೊರಟೆವು. ಆಗಲೂ ಮುಹೂರ್ತಗಳಿಲ್ಲ, ಕಡಲೂ ಶಾಂತ. ಮಲ್ಪೆಯಿಂದ ದಕ್ಷಿಣಕ್ಕೆ, ದಡ ಕಾಣುವ ಹಾಗೇ ಸಾಗಿ, ಕಾಪು ದೀಪಸ್ತಂಭ ದಾಟಿ, ಸಂಜೆಗೆ ಮೂಲ್ಕಿಯ ಅಳಿವೆಯೊಳಗೆ ಹೋಗಿ ಲಂಗರು ಹಾಕುವುದು ಅಣ್ಣನ ಲೆಕ್ಕ. ಅಳಿವೆ ಎಂದರೆ ನದಿ ಕಡಲಿಗೆ ಸೇರುವ ಬಾಯಿ. ಅಲ್ಲಿ ನೀರಿನಡಿ ಮರಳಿನ ದಿಬ್ಬ ಇರುತ್ತದೆ. ನಾಲ್ಕೂವರೆಯೊಳಗೆ, ಭರತದಲ್ಲಿ ಏರಿದ ನೀರು ಇಳಿಯುವ ಮುಂಚೆ ಒಳಗೆ ಹೋಗಬೇಕು, ಇಲ್ಲದಿದ್ದರೆ ದೋಣಿ ಮರಳಿನಲ್ಲಿ ಕೂರುತ್ತದೆ ಎಂದು ಅಣ್ಣ ಮೂರು ಸಲ ಹೇಳಿದ. ನನಗೆ ಈಜು ಬರುವುದಿಲ್ಲ. ಹೋಗಬೇಡ ಎಂದು ಅಮ್ಮ ಎರಡು ದಿನ ಅತ್ತು, ಮೂರನೆಯ ದಿನ ಪುಳಿಯೋಗರೆ ಕಟ್ಟಿಕೊಟ್ಟಳು.

ಬೆಳಗ್ಗೆ ದೋಣಿ ಹತ್ತುವಾಗ ಮಾಸ್ಟರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು. ಕೈಯಲ್ಲೊಂದು ಬಟ್ಟೆಯ ಕೈಚೀಲ. ಅದರಿಂದ ಅರಿಶಿನ, ಕುಂಕುಮ ತೆಗೆದು ಕಂಬಕ್ಕೆ ಹಚ್ಚಿದರು. ಹಾಯಿಯ ತುದಿಗೂ ಒಂದು ಬೊಟ್ಟಿಟ್ಟರು. ಆಮೇಲೆ ಒಂದು ನಿಂಬೆಹಣ್ಣು ಹಿಡಿದು ದೋಣಿಯ ಆ ಕಡೆ ಈ ಕಡೆ ಬಗ್ಗಿ ನೋಡತೊಡಗಿದರು.

"ಏನ್ ಹುಡುಕ್ತಿದೀರಾ ಮಾಸ್ಟ್ರೇ?" ಎಂದ ಅಣ್ಣ.

"ಚಕ್ರ ಸಾರ್. ಹೊಸ ಗಾಡಿ ಅಂದ್ಮೇಲೆ ನಿಂಬೆಹಣ್ಣು ಚಕ್ರದ ಕೆಳಗೆ ಇಡ್ಬೇಕಲ್ವಾ?"

ಅಣ್ಣ ನಕ್ಕು ನಕ್ಕು ಹಗ್ಗ ಕೈಬಿಟ್ಟ. ಮಾಸ್ಟರು ನಾಚಿಕೊಂಡು ನಿಂಬೆಹಣ್ಣನ್ನು ಜೇಬಿಗಿಟ್ಟುಕೊಂಡರು. ಅದು ಆಮೇಲೆ ಉಪಯೋಗಕ್ಕೆ ಬಂತು.

ಬೆಳಗಿನ ಹೊತ್ತು ದಡದ ಕಡೆಯಿಂದ ತಣ್ಣನೆಯ ಸಣ್ಣ ಗಾಳಿ. ಹಾಯಿ ಏರಿದಾಗ ಮಾಸ್ಟರು ಎದ್ದು ನಿಂತು, ಧ್ವಜ ಏರಿಸುವಾಗಿನ ಹಾಗೆ ಕೈಗಳನ್ನು ಪಕ್ಕಕ್ಕೆ ಇಟ್ಟುಕೊಂಡು, ಅದು ತುದಿ ಮುಟ್ಟುವವರೆಗೂ ಕೂರಲಿಲ್ಲ. ಒಂದು ಸುಕ್ಕಿಲ್ಲ. ಅಣ್ಣನೇ "ಭೇಷ್!" ಎಂದ. ಬಂದರು ಹಿಂದಾಯಿತು, ಮೀನಿನ ವಾಸನೆ ಹಿಂದಾಯಿತು, ತೆಂಗಿನ ಸಾಲು ಗೆರೆಯಷ್ಟಾಯಿತು. ನಾವು ಪುಳಿಯೋಗರೆ ತಿಂದೆವು. ಮಾಸ್ಟರು ತಿನ್ನುವಾಗಲೂ ಮೇಲೆಯೇ ನೋಡುತ್ತಿದ್ದರು. ಜೀವನದಲ್ಲಿ ನಾನು ಕಂಡ ಅತ್ಯಂತ ಸುಖದ ಮುಖಗಳಲ್ಲಿ ಅದೊಂದು.

ಮಧ್ಯಾಹ್ನ ಗಾಳಿ ತಿರುಗಿ ಕಡಲಿನ ಕಡೆಯಿಂದ ಬೀಸತೊಡಗಿತು. ಈಗ ದೋಣಿ ಓಡಬೇಕು ಎಂದ ಅಣ್ಣ. ದೋಣಿ ಓಡಲಿಲ್ಲ. ಕಾಪುವಿನ ದೀಪಸ್ತಂಭ ಬಂಡೆಯ ಮೇಲೆ ನಿಂತದ್ದು ಎದುರಿಗೇ ಕಾಣುತ್ತಿತ್ತು. ಅರ್ಧ ಗಂಟೆ ಬಿಟ್ಟು ನೋಡಿದರೂ ಅಷ್ಟೇ ದೂರ, ಮುಕ್ಕಾಲು ಗಂಟೆಗೂ ಅಷ್ಟೇ ದೂರ. ನಮ್ಮ ಹಿಂದೆ ಬಂದ ಮೀನುಗಾರರ ದೋಣಿಯೊಂದು ಚಿಂದಿ ಹಾಯಿ ಕಟ್ಟಿಕೊಂಡು ನಮ್ಮನ್ನು ದಾಟಿ ಹೋಯಿತು. ಅಣ್ಣ ಗಡಿಯಾರ ನೋಡುತ್ತಾ, ಹಗ್ಗ ಎಳೆಯುತ್ತಾ, ಸಡಿಲಿಸುತ್ತಾ ಗೊಣಗಿದ. ಮಾಸ್ಟರ ಮುಖದಿಂದ ಆ ಸುಖ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವರು ಈಗ ಮೇಲೆ ನೋಡುತ್ತಿರಲಿಲ್ಲ.

ಆಗ ಅಣ್ಣ ಕಣ್ಣು ಕಿರಿದು ಮಾಡಿ ಹಾಯಿಯನ್ನೇ ದಿಟ್ಟಿಸಿದ. ಜೋಡಣೆಯ ಉದ್ದಕ್ಕೂ ಅಲ್ಲಲ್ಲಿ ಏನೋ ಪಟಪಟ ಎನ್ನುತ್ತಿತ್ತು. ಬಟ್ಟೆಯ ನಾಲಿಗೆಗಳು.

"ಮಾಸ್ಟ್ರೇ, ಏನ್ರೀ ಅದು?"

ಮಾಸ್ಟರು ತಲೆ ಎತ್ತಲಿಲ್ಲ. "ಗಾಳಿಕಿಂಡಿ ಸಾರ್."

ಹಾಯಿ ಇರುವುದೇ ಗಾಳಿ ಹಿಡಿಯುವುದಕ್ಕೆ. ಅದಕ್ಕೆ ಗಾಳಿಕಿಂಡಿ ಇಡುವುದೆಂದರೆ ಬಿಂದಿಗೆಗೆ ತೂತು ಕೊರೆದು ಕೊಟ್ಟ ಹಾಗೆ. ಅಣ್ಣನ ಬಾಯಿಂದ ಹಡಗಿನ ಭಾಷೆ ಹೊರಡುವುದರಲ್ಲಿತ್ತು. ಅವನು ನನ್ನ ಮುಖ ನೋಡಿದ, ನಾನು ತಲೆಯಾಡಿಸಿದೆ, ಅವನು ನುಂಗಿಕೊಂಡ. "ಹಳೇದು ಹೆಂಗಿದ್ಯೋ ಹಂಗೇ ಮಾಡಿ ಅಂದಿದ್ನಲ್ರೀ..." ಎಂದಷ್ಟೇ ಹೇಳಿದ.

ಅಲ್ಲಿ, ನಾಲ್ಕು ಕಡೆಯೂ ನೀರಿರುವ ಜಾಗದಲ್ಲಿ, ಮಾಸ್ಟರು ತಮ್ಮ ತಮ್ಮನ ಕತೆ ಹೇಳಿದರು. ಇಬ್ಬರೂ ಹುಡುಗುಪ್ರಾಯದವರಿದ್ದಾಗ ಬನಶಂಕರಿಯ ಕಡೆ ಹೊಸ ಸೈಟೊಂದರಲ್ಲಿ ಗೃಹಪ್ರವೇಶ. ಸುತ್ತ ಬರೀ ಬಯಲು. ಇವರು ಹೊಲಿದ ಮೊದಲ ದೊಡ್ಡ ಶಾಮಿಯಾನ, ಒಂದೇ ಒಂದು ಕಿಂಡಿಯಿಲ್ಲದ್ದು. ವೈಶಾಖದ ಸಂಜೆ ಇದ್ದಕ್ಕಿದ್ದಂತೆ ಬಿರುಗಾಳಿ ಎದ್ದಿತು. ಎಲ್ಲರೂ ಹಗ್ಗ ಬಿಟ್ಟು ಓಡಿದರು. ತನ್ನಣ್ಣ ಹೊಲಿದ ಬಟ್ಟೆ ಹಾರಿಹೋಗುತ್ತದಲ್ಲ ಎಂದು ತಮ್ಮ ಮಾತ್ರ ಬಿಡಲಿಲ್ಲ. ಶಾಮಿಯಾನ ಅವನನ್ನೂ ಎತ್ತಿಕೊಂಡು ಹೋಗಿ, ಮಾಳಿಗೆಯೆತ್ತರದಿಂದ ಕೆಳಗೆ ಎಸೆಯಿತು. ಜೀವ ಉಳಿಯಿತು, ಕಾಲು ಮಾತ್ರ ಆಮೇಲೆ ನೆಟ್ಟಗಾಗಲೇ ಇಲ್ಲ.

"ಬಟ್ಟೆ ಗಟ್ಟಿ ಇತ್ತು ಸಾರ್. ಅದೇ ತಪ್ಪಾಗಿದ್ದು. ಇದು ಅದಕ್ಕಿಂತ ಗಟ್ಟಿ ಬಟ್ಟೆ, ಕೆಳಗೆ ನೋಡಿದ್ರೆ ನೀವು ಕೂರೋದು ಇಷ್ಟೇ ಇಷ್ಟು ದೋಣಿ ಅಂತೀರಿ... ನನ್ ಕೈ ಕೇಳ್ಲಿಲ್ಲ." ಕೈಚೀಲವನ್ನು ಹತ್ತಿರಕ್ಕೆ ಎಳೆದುಕೊಂಡು, "ಇಳಿಸಿ ಸಾರ್. ಇಲ್ಲೇ ಮುಚ್ತೀನಿ. ಇದು ವಾಪಸ್ ನನ್ ಅಂಗಡಿಗೆ ಬರೋದು ಬೇಡ," ಎಂದರು.

ಹಾಯಿ ಇಳಿಸಿದರೆ ದೋಣಿ ನಿಲ್ಲುತ್ತದೆ, ನಿಂತ ದೋಣಿ ತೊಟ್ಟಿಲಿನಂತೆ ತೂಗುತ್ತದೆ. ಹತ್ತು ನಿಮಿಷಕ್ಕೆ ಮಾಸ್ಟರ ಮುಖ ಬಿಳಿಚಿಕೊಂಡಿತು. ತಿಂದ ಪುಳಿಯೋಗರೆಯನ್ನೆಲ್ಲ ಕಡಲಿಗೆ ಒಪ್ಪಿಸಿದರು. ಮತ್ತೆ ಬಂದು ಕೂತರು. ಚಕ್ರ ಸಿಗದ ನಿಂಬೆಹಣ್ಣನ್ನು ಕಚ್ಚಿ ಹೀರುತ್ತಾ, ಕೈಚೀಲದಿಂದ ದಬ್ಬಳ, ದಾರ, ಮೇಣದ ಉಂಡೆ ತೆಗೆದರು. ನಾನು ದಾರಕ್ಕೆ ಮೇಣ ಉಜ್ಜಿ ಉಜ್ಜಿ ಕೊಟ್ಟೆ. ಅಣ್ಣ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡ. ದೋಣಿ ತೂಗಿದಾಗ ಎರಡು ಸಲ ದಬ್ಬಳ ಅವರ ಹೆಬ್ಬೆರಳಿಗೇ ಹೊಕ್ಕಿತು. ಬಿಳಿಯ ಶರ್ಟಿಗೆ ಒರೆಸಿಕೊಂಡು ಮತ್ತೆ ಹೊಲಿದರು. ಒಂದೊಂದು ಕಿಂಡಿ ಮುಚ್ಚಿದಾಗಲೂ ಎಣಿಸುತ್ತಿದ್ದರು. ಹಾಯಿಯ ತುದಿಯ ಭಾಗವನ್ನು ಮಡಿಲಿನ ಮೇಲೆ ಎಳೆದುಕೊಂಡು, ಕೊನೆಯ ಹೊಲಿಗೆ ಹಾಕಿ, ಹಲ್ಲಿನಿಂದ ದಾರ ಕಡಿದು, "ಏಳು. ಮುಗೀತು ಸಾರ್," ಎಂದರು.

"ಏಳೇನಾ? ಇನ್ನೆಲ್ಲೂ ಇಲ್ವಲ್ಲ?"

"ಏಳೇ ಸಾರ್."

ಹಾಯಿ ಮತ್ತೆ ಏರಿತು. ಆಮೇಲೆ ಆದದ್ದನ್ನು ಹೇಗೆ ಹೇಳಲಿ... ದಪ್ಪನೆ ಸದ್ದು ಮಾಡಿ ಹಾಯಿ ಹೊಟ್ಟೆ ಉಬ್ಬಿಸಿಕೊಂಡಿತು. ಛತ್ರದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಆ ಬಾಗು ಆಕಾಶದಲ್ಲಿ ನಿಂತಿತ್ತು. ದೋಣಿ ಓರೆಯಾಗಿ, ಪಕ್ಕದಲ್ಲಿ ನೀರು ಕುಲುಕುಲು ನಗುತ್ತಾ ಹಿಂದೆ ಓಡತೊಡಗಿತು. ಮಾಸ್ಟರು ಮೇಲೆ ನೋಡಲಿಲ್ಲ, ಕಣ್ಣು ಮುಚ್ಚಿ ಅಂಗೈಯನ್ನು ಹಾಯಿಯ ಬುಡಕ್ಕೆ ಒತ್ತಿದರು.

"ಎಳೀತಿದೆ ಮೇಡಂ. ಹಸು ಹಗ್ಗ ಎಳೆದಂಗೆ ಎಳೀತಿದೆ."

ಅವರ ಕಣ್ಣಂಚಿನಲ್ಲಿ ನೀರಿತ್ತು. ನನಗೂ ತಡೆಯಲಾಗಲಿಲ್ಲ, ಉಪ್ಪುನೀರು ಸಿಡಿಯಿತು ಎಂದು ಸೆರಗಿನಿಂದ ಒರೆಸಿಕೊಂಡೆ. ಕಾಪು ದೀಪಸ್ತಂಭ ಪಕ್ಕಕ್ಕೆ ಬಂತು, ಹಿಂದಾಯಿತು.

ನಾಲ್ಕು ದಾಟಿದ ಮೇಲೆ ಅಳಿವೆಯ ಬಾಯಿ ಕಾಣಿಸಿತು. ಎರಡೂ ಕಡೆ ಬಿಳಿ ನೊರೆ, ನಡುವೆ ಒಂದು ಓಣಿಯಷ್ಟು ನುಣುಪು ನೀರು. ಸರಿಯಾಗಿ ಆ ಓಣಿಗೆ ಮೂತಿ ತಿರುಗಿಸುವ ಹೊತ್ತಿಗೆ ಬೀಸುಗಾಳಿಯ ಒಂದು ಹೊಡೆತ ಬಂತು. ದೋಣಿ ಪೂರ್ತಿ ವಾಲಿತು. ನನ್ನ ಮೊಣಕೈವರೆಗೂ ನೀರು. ನಾನು ಯಾವ ದೇವರನ್ನು ಕೂಗಿದೆನೋ ಗೊತ್ತಿಲ್ಲ. ಅಣ್ಣ "ಹಗ್ಗ ಬಿಡಿ! ಬಿಡ್ರೀ!" ಎಂದು ಅರಚುತ್ತಿದ್ದ, ಮಾಸ್ಟರು ಅಣ್ಣ ಕೈಗೆ ಕೊಟ್ಟಿದ್ದ ಹಾಯಿಯ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಕಲ್ಲಾಗಿದ್ದರು. ಇನ್ನೇನು ಮಗುಚಿತು ಎನ್ನುವಾಗ ಮೇಲೆಲ್ಲೋ ಪಟ್ ಎಂದು ಒಂದು ಸದ್ದಾಯಿತು. ದೋಣಿ ಉಸಿರು ಬಿಟ್ಟ ಹಾಗೆ ಮೆಲ್ಲಗೆ ಎದ್ದು ನಿಂತಿತು. ಮರುಕ್ಷಣ ನಾವು ಒಳಗಿದ್ದೆವು, ನದಿಯ ತೆಪ್ಪಗಿನ ನೀರಿನಲ್ಲಿ.

"ನೋಡಿದ್ಯಾ ಚುಕ್ಕಾಣಿ ಹಿಡಿಯೋದು ಅಂದ್ರೆ ಏನು ಅಂತ?" ಎಂದು ಅಣ್ಣ ಆ ಸಂಜೆಯಿಡೀ ಮೀಸೆ ತಿರುವಿದ. ಮಾಸ್ಟರು ದೋಣಿಯ ಅಂಚಿನಿಂದ ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದು ಕಣ್ಣಿಗೆ ಒತ್ತಿಕೊಂಡರು.

ಬೆಂಗಳೂರಿಗೆ ಮರಳಿದ ಮೇಲೆ ಬಡಾವಣೆಯಲ್ಲೆಲ್ಲ ಅದೇ ಸುದ್ದಿ. ಹಾಲಿನ ಬೂತಿನವನಿಗೆ, ಹೂವಿನವಳಿಗೆ, ಶಾಮಿಯಾನ ಕೇಳಲು ಬಂದವರಿಗೆ, ಎಲ್ಲರಿಗೂ ಹೇಳಿದರು. "ನಾನ್ ಹೊಲ್ದಿದ್ ಪಟ ಈಗ ಸಮುದ್ರದಲ್ಲಿದೆ ಕಣ್ರೀ." ಗಾಳಿಕಿಂಡಿಯ ಸಂಗತಿಯನ್ನು ಮಾತ್ರ ಹೇಳುತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಮುಂದಿನ ಮಳೆಗಾಲ ಮುಗಿದ ಮೇಲೆ ಅಣ್ಣನ ಫೋನು ಬಂತು. "ಯಾಕೋ ಅದು ಪೂರ್ತಿ ಎಳೆಯಲ್ಲ ಕಣೇ. ಎಲ್ಲೋ ಗಾಳಿ ಸೋರತ್ತೆ, ಎಲ್ಲಿ ಅಂತ ಗೊತ್ತಾಗ್ತಿಲ್ಲ. ನಾನು ಹೊಸದು ತರಿಸ್ಕೊಂಡೆ. ಇದನ್ನ ಪಾರ್ಸಲ್ ಹಾಕಿದೀನಿ, ಮಾಸ್ಟರಿಗೆ ಕೊಟ್ಟು ಸರಿ ಮಾಡ್ಸಿಡು." ನಾನು ಹೂಂ ಎಂದೆ. ಪಾರ್ಸಲ್ ಬಂದಾಗ ಆ ಖಾಲಿ ಮೊಳೆ ಕಣ್ಣಮುಂದೆ ಬಂತು. ಅದಕ್ಕೆ ಮೊದಲ ಬಾರಿಗೆ ನೇತುಬೀಳುವುದು ಇದೇ ಹಾಯಿ ಆಗಬೇಕೇ? ಮಾಸ್ಟರು ಊಟಕ್ಕೆ ಹೋದ ಹೊತ್ತು ನೋಡಿ, ಆಟೋದವನ ಕೈಯಲ್ಲಿ ಎತ್ತಿಸಿ, ಅಟ್ಟಕ್ಕೆ ತಳ್ಳಿದೆ. ಸರಿಮಾಡಿಸಿದೆ ಎಂದು ಅಣ್ಣನಿಗೆ ಸುಳ್ಳು ಹೇಳಿದೆ. ಆಮೇಲೆ ಅವನೂ ಅದನ್ನು ಮರೆತ.

ಮಾಸ್ಟರು ಮರೆಯಲಿಲ್ಲ. ಆಷಾಢದ ಗಾಳಿ ಏಳುತ್ತಿದ್ದ ಹಾಗೆ ಪ್ರತಿ ವರ್ಷ ಮೆಟ್ಟಿಲ ಕೆಳಗಿನಿಂದ ಕೂಗುತ್ತಿದ್ದರು. "ಪಟ ಹೆಂಗಿದೆ ಮೇಡಂ?" "ಸಖತ್ತಾಗಿದೆ ಮಾಸ್ಟ್ರೇ!" ಎಂದು ನಾನು ಮೇಲಿಂದ ಕೂಗುತ್ತಿದ್ದೆ. ಕೂಗುವಾಗ ಅದು ನನ್ನ ತಲೆಯ ಮೇಲೇ ಇರುತ್ತಿತ್ತು. ಆ ಸುಳ್ಳು ಹೇಳುವುದು ಯಾವ ವರ್ಷವೂ ಸಲೀಸಾಗಲಿಲ್ಲ.

ಕಣ್ಣು ಮಂಜಾಗುತ್ತಾ ಬಂದ ಮೇಲೆ ಅವರು ಅಂಗಡಿ ಖಾಲಿ ಮಾಡಿ, ಕುಮಾರಸ್ವಾಮಿ ಲೇಔಟಿನಲ್ಲಿದ್ದ ಮಗಳ ಮನೆಗೆ ಹೋದರು. ಹೋಗುವ ದಿನ ಇಕ್ಕಳದಿಂದ ಆ ಮೊಳೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ನಾನು ಒಂದು ಭಾನುವಾರ ನೋಡಲು ಹೋಗಿದ್ದೆ. ವರಾಂಡದಲ್ಲಿ ಕೂತಿದ್ದರು. ದನಿಯಿಂದಲೇ ಗುರುತು ಹಿಡಿದರು. ಅಮ್ಮನ ಆರೋಗ್ಯ ವಿಚಾರಿಸಿದರು, ಅಣ್ಣ ಈಗಲೂ ಕಡಲಿಗೆ ಹೋಗುತ್ತಾನೆಯೇ ಎಂದು ಕೇಳಿದರು. ಹೊರಡುವಾಗ ನನ್ನ ಕೈ ಹಿಡಿದರು.

"ಸಾರ್‌ಗೆ ಏನೂ ಆಗ್ಲಿಲ್ಲ ತಾನೇ ಮೇಡಂ? ಇಷ್ಟ್ ವರ್ಷದಲ್ಲಿ ದೋಣಿ ಒಂದ್ಸಲಾನೂ ಮಗುಚಲಿಲ್ಲ ತಾನೇ?"

ಹಾಯಿ ವಾಪಸ್ ಬಂತೇ ಎಂದು ಕೇಳುತ್ತಾರೆಂದು ನಾನು ಸುಳ್ಳು ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ಕೇಳಿದ್ದು ಇದನ್ನು. "ಇಲ್ಲ ಮಾಸ್ಟ್ರೇ, ಒಂದ್ಸಲಾನೂ ಇಲ್ಲ," ಎಂದೆ. ಅದು ನಿಜ. "ಹಂಗಾದ್ರೆ ಸರಿ," ಎಂದು ಕೈಬಿಟ್ಟರು. ಅದೇ ಕೊನೆ. ಮುಂದಿನ ಯುಗಾದಿಗೆ ಅವರಿರಲಿಲ್ಲ. ಸುದ್ದಿ ನನಗೆ ತಲುಪಿದ್ದು ಹದಿಮೂರು ದಿನ ಕಳೆದ ಮೇಲೆ...

"ಮೇಡಂ?" ಎಂದು ಪೇಂಟರ್ ಮತ್ತೆ ಕರೆದ. ಸಾಮಾನೆಲ್ಲ ತಾರಸಿಯ ಮೇಲಿದೆ, ಮೋಡ ಆಗಿದೆ, ಮುಚ್ಚಲು ಏನಾದರೂ ಬೇಕು ಎಂದ. ಇದನ್ನೇ ಹಾಕು ಎಂದೆ. ಬಚ್ಚಿಡುವುದು ಇನ್ನು ಯಾರಿಂದ?

ಇಬ್ಬರೂ ಸೇರಿ ತಾರಸಿಯಲ್ಲಿ ಹಾಯಿ ಬಿಚ್ಚಿದೆವು. ಕುಂಕುಮದ ಬೊಟ್ಟು ಕಂದಿಹೋಗಿತ್ತು. ಒಂದು ತುದಿಯನ್ನು ನೀರಿನ ಟ್ಯಾಂಕಿನ ಪೈಪಿಗೆ ಎತ್ತಿ ಕಟ್ಟಿ, ಇನ್ನೊಂದನ್ನು ಬೀರುವಿನ ಕಾಲಿಗೆ ಕಟ್ಟುವಷ್ಟರಲ್ಲಿ ಗುಡ್ಡದ ಕಡೆಯಿಂದ ಆಷಾಢದ ಗಾಳಿ ನುಗ್ಗಿತು. ಹಾಯಿ ಅದೇ ಹಳೆಯ ದಪ್ಪ ಸದ್ದು ಮಾಡಿ ಉಬ್ಬಿತು. ಪೇಂಟರ್ ಹಗ್ಗ ಹಿಡಿದವನು ಎರಡು ಹೆಜ್ಜೆ ಮುಂದಕ್ಕೆ ಮುಗ್ಗರಿಸಿದ. ನಾನು ಕಿರುಚುವ ಮೊದಲೇ, ಮೇಲಿನ ತುದಿಯಲ್ಲಿ ಪಟ್ ಎಂದು ಸದ್ದಾಯಿತು. ಹಗ್ಗ ಸಡಿಲವಾಯಿತು, ಅವನು ನೆಟ್ಟಗೆ ನಿಂತ.

ತುದಿಯ ದಪ್ಪ ಮಡಿಕೆಯ ಕೆಳಗೆ, ಹುಡುಕಿದರೂ ಕಾಣದ ಜಾಗದಲ್ಲಿ, ಒಂದು ಬಟ್ಟೆಯ ನಾಲಿಗೆ ಎದ್ದು ಆಡುತ್ತಿತ್ತು. ಎಂಟನೆಯದು. ಅದರ ಅಂಚಿಗೆ ಮೊದಲಿನ ಹೊಲಿಗೆಯ ಮೇಲೆ ಮತ್ತೆರಡು ಸಾಲು ಬಿದ್ದಿತ್ತು, ಕೈಹೊಲಿಗೆ. ಪಕ್ಕದಲ್ಲಿ ಕಂದುಬಣ್ಣಕ್ಕೆ ತಿರುಗಿದ ಹೆಬ್ಬೆರಳಿನ ಗುರುತು. ಅವತ್ತು ಕಡಲ ನಡುವೆ, ನಿಂಬೆಹಣ್ಣು ಹೀರುತ್ತಾ, ತುದಿಯನ್ನು ಮಡಿಲಿನ ಮೇಲೆ ಎಳೆದುಕೊಂಡು ಕೂತಿದ್ದವರು ಇದನ್ನು ಮುಚ್ಚಲಿಲ್ಲ, ಹರಿಯದಂತೆ ಗಟ್ಟಿ ಮಾಡಿಟ್ಟಿದ್ದರು. ಹಾಯಿ ವಾಪಸ್ ಬಂದರೂ ಬರಲಿ ಎಂದೇ. ಮೊಳೆ ಖಾಲಿಯೇ ಇರಲೆಂಬ ಆಸೆ ಅವರಿಗೆ ಎಷ್ಟಿತ್ತೆಂದು ನನಗೆ ಗೊತ್ತು.

ಅಣ್ಣನಿಗೆ ಫೋನು ಮಾಡಿ ಹೇಳಿದೆ. ನಾಲ್ಕು ಬೆರಳಗಲದ ಒಂದು ಕಿಂಡಿಯಿಂದ ದೋಣಿ ಏಳುವುದೆಲ್ಲ ಸುಳ್ಳು, ಅವತ್ತು ಎಬ್ಬಿಸಿದ್ದು ನಾನು ಎಂದ. ಇರಬಹುದು. ಫೋನಿಡುವ ಮೊದಲು, "ಏಳೇ ಅಂದ್ರಲ್ಲೇ..." ಎಂದ.

"ಮೇಡಂ, ಮೇಲ್ಗಡೆ ಹರ್ದಿದೆ. ಒಂದು ಗಂಟು ಹಾಕ್ಬಿಡ್ಲಾ?" ಎಂದ ಪೇಂಟರ್.

"ಹರಿದಿಲ್ಲಪ್ಪ. ಹಂಗೇ ಬಿಡು," ಎಂದು ನಾನು ಮೆಟ್ಟಿಲ ಕಡೆ ನಡೆದೆ. ಸಿಕ್ಕಿಬಿತ್ತು ಮಾಸ್ಟ್ರೇ ನಿಮ್ಮ ಎಂಟನೇದು ಎಂದು ಕೆಳಗೆ ಕೂಗಿ ಹೇಳಲು ಬಾಯಿ ತೆರೆದೂ ಬಿಟ್ಟಿದ್ದೆ. ಎರಡು ಮೆಟ್ಟಿಲು ಇಳಿದ ಮೇಲೆ ನೆನಪಾಯಿತು. ಕೆಳಗೆ ಈಗ ಇರುವುದು ಮೊಬೈಲ್ ಕವರಿನ ಅಂಗಡಿ.